ಶಿಯರ್ ಬೋಲ್ಟ್ ಪದೇ ಪದೇ ಮುರಿಯುತ್ತಿದೆ: ಪೊದೆ ಬೆಳೆದ ಜಮೀನಿಗೆ ಯಾವ ಯಂತ್ರ ಸರಿ?

ಪ್ರಶ್ನೆ: ಏಳು ವರ್ಷ ಬೀಳು ಬಿದ್ದ ಹತ್ತು ಎಕರೆ ಜಮೀನನ್ನು ಮತ್ತೆ ಬಳಕೆಗೆ ತರುವ ಪ್ರಯತ್ನದಲ್ಲಿದ್ದೇನೆ. ಎದೆಮಟ್ಟದ ಹುಲ್ಲು ಇದೆ, ನಡುನಡುವೆ ಹೆಬ್ಬೆರಳು ಗಾತ್ರದ ಕಾಂಡದ ಮುಳ್ಳುಪೊದೆಗಳಿವೆ, ಒಂದು ಅಂಚಿನಲ್ಲಿ ಮುಂಗೈ ದಪ್ಪದ ಮರಿಮರಗಳೂ ಎದ್ದಿವೆ. ನನ್ನಲ್ಲಿರುವುದು 45 ಎಚ್‌ಪಿ ಟ್ರ್ಯಾಕ್ಟರ್. ಪರಿಚಿತರೊಬ್ಬರ ಐದು ಅಡಿ ಅಗಲದ ಹಳೆಯ ರೋಟರಿ ಸ್ಲ್ಯಾಷರ್ (ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ತಿರುಗುವ ಬ್ಲೇಡುಗಳಿಂದ ಪೊದೆ ಕಡಿಯುವ ಯಂತ್ರ) ತಂದು ಕೆಲಸ ಆರಂಭಿಸಿದೆ. ಒಂದೇ ದಿನದಲ್ಲಿ ಐದು ಬಾರಿ ಶಿಯರ್ ಬೋಲ್ಟ್ ಮುರಿಯಿತು. ಗಟ್ಟಿ ಬೋಲ್ಟ್ ಹಾಕಿದರೆ ತೊಂದರೆ ತಪ್ಪುತ್ತದೆ ಎಂದು ಒಬ್ಬರು, ಬ್ಲೇಡುಗಳನ್ನು ಕತ್ತಿಯಂತೆ ಮಸೆಯಿರಿ ಎಂದು ಇನ್ನೊಬ್ಬರು, ಇದನ್ನು ಬಿಟ್ಟು ಫ್ಲೇಲ್ ಮೋವರ್ ಕೊಳ್ಳಿ ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ರೋಟಾವೇಟರ್ ಓಡಿಸಿದರೆ ಸಾಕು ಎಂದವರೂ ಇದ್ದಾರೆ. ಈಗ ಗೇರ್‌ಬಾಕ್ಸಿನ ಅಡಿಯಲ್ಲಿ ಎಣ್ಣೆ ಜಿನುಗುತ್ತಿದೆ, ಯಂತ್ರ ಮೊದಲಿಗಿಂತ ಹೆಚ್ಚು ನಡುಗುತ್ತಿದೆ. ಯಾವುದನ್ನು ಕೊಳ್ಳಬೇಕು, ಇರುವುದನ್ನು ಹೇಗೆ ಉಳಿಸಿಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಬೆರೆತಿವೆ. ಒಂದು, ಕೈಯಲ್ಲಿರುವ ಯಂತ್ರ ಹಾಳಾಗುತ್ತಿದೆಯೇ ಎಂಬುದು. ಇನ್ನೊಂದು, ತಪ್ಪು ಯಂತ್ರವನ್ನು ಹಿಡಿದಿದ್ದೇನೆಯೇ ಎಂಬುದು. ಮೊದಲನೆಯದು ತುರ್ತಿನದು, ಹಾಗಾಗಿ ಅದರಿಂದಲೇ ಆರಂಭಿಸುತ್ತೇನೆ. ನಡುಕ ಮತ್ತು ಎಣ್ಣೆಯ ಸೋರಿಕೆ ಒಟ್ಟಿಗೆ ಕಾಣಿಸಿಕೊಂಡಿರುವುದರಿಂದ, ಕಾರಣ ಗೊತ್ತಾಗುವವರೆಗೆ ದಯವಿಟ್ಟು ಈ ಸ್ಲ್ಯಾಷರನ್ನು ಓಡಿಸಬೇಡಿ. ಇನ್ನು, ಯಾರು ಎಷ್ಟೇ ಒತ್ತಾಯಿಸಿದರೂ ಗಟ್ಟಿ ಬೋಲ್ಟ್ ಹಾಕಲೇಬೇಡಿ.

ಟ್ರ್ಯಾಕ್ಟರಿನಿಂದ ಬರುವ ಶಾಫ್ಟನ್ನು ಸ್ಲ್ಯಾಷರಿನ ಗೇರ್‌ಬಾಕ್ಸಿಗೆ ಜೋಡಿಸುವ ಶಿಯರ್ ಬೋಲ್ಟ್ ಇರುವುದೇ ಮುರಿಯುವುದಕ್ಕೆ. ಬ್ಲೇಡ್ ಕಲ್ಲಿಗೋ ಮರದ ಮೋಟಿಗೋ ಬಡಿದು ನಿಂತಾಗ, ಟ್ರ್ಯಾಕ್ಟರಿನ ಎಂಜಿನ್ ಮಾತ್ರ ನಿಲ್ಲದೆ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ. ಆ ಬಲ ಎಲ್ಲಾದರೂ ಒಂದು ಕಡೆ ದಾರಿ ಮಾಡಿಕೊಳ್ಳಬೇಕು. ತಯಾರಕರು ಅತ್ಯಂತ ಅಗ್ಗದ, ಹತ್ತು ನಿಮಿಷದಲ್ಲಿ ಬದಲಿಸಬಹುದಾದ ಭಾಗವನ್ನೇ ಉದ್ದೇಶಪೂರ್ವಕವಾಗಿ ಮೆದು ಉಕ್ಕಿನಲ್ಲಿ ಮಾಡಿ ಅಲ್ಲಿಟ್ಟಿರುತ್ತಾರೆ. ಅದರ ಜಾಗದಲ್ಲಿ ಗಟ್ಟಿ ಉಕ್ಕಿನ ಹೈಟೆನ್ಸಿಲ್ ಬೋಲ್ಟ್ ಹಾಕಿದರೆ ಬೋಲ್ಟ್ ಉಳಿಯುತ್ತದೆ ನಿಜ; ಆದರೆ ಮುಂದಿನ ಪೆಟ್ಟಿಗೆ ಪಿಟಿಒ (ಎಂಜಿನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ, ಟ್ರ್ಯಾಕ್ಟರಿನ ಹಿಂಬದಿಯ ತಿರುಗುವ ದಂಡ) ಶಾಫ್ಟಿನ ಕ್ರಾಸ್ ಎಂಬ ಬಾಗುವ ಕೀಲು, ಗೇರ್‌ಬಾಕ್ಸಿನೊಳಗಿನ ಹಲ್ಲುಗಳು ಅಥವಾ ಟ್ರ್ಯಾಕ್ಟರಿನದೇ ಪಿಟಿಒ ಭಾಗಗಳು ಮುರಿಯುತ್ತವೆ. ನನ್ನ ಕೈಗೆ ರಿಪೇರಿಗೆ ಬಂದ, ಹಲ್ಲು ಉದುರಿದ ಗೇರ್‌ಬಾಕ್ಸುಗಳಲ್ಲಿ ಎಷ್ಟೋ ಸಲ ಶಿಯರ್ ಬೋಲ್ಟಿನ ತೂತಿನಲ್ಲಿ ಅದಕ್ಕೆ ಸೇರದ ಗಟ್ಟಿ ಬೋಲ್ಟ್ ಅಚ್ಚುಕಟ್ಟಾಗಿ ಕುಳಿತಿರುವುದನ್ನು ಕಂಡಿದ್ದೇನೆ. ಯಂತ್ರದ ಕೈಪಿಡಿ ಯಾವ ಅಳತೆ ಮತ್ತು ಯಾವ ದರ್ಜೆಯ ಬೋಲ್ಟ್ ಹೇಳುತ್ತದೆಯೋ ಅದನ್ನೇ ಹತ್ತಾರು ತಂದು ಟೂಲ್‌ಬಾಕ್ಸಿನಲ್ಲಿ ಇಟ್ಟುಕೊಳ್ಳಿ.

ಹಾಗಿದ್ದರೂ ದಿನಕ್ಕೆ ಐದು ಬೋಲ್ಟ್ ಮುರಿಯುವುದು ಸಹಜವಲ್ಲ. ಬ್ಲೇಡುಗಳು ಗಟ್ಟಿ ವಸ್ತುಗಳಿಗೆ ಬಡಿಯುತ್ತಿರಬಹುದು, ಕಾಂಡ ಯಂತ್ರದ ಸಾಮರ್ಥ್ಯ ಮೀರಿದ ದಪ್ಪದ್ದಾಗಿರಬಹುದು, ಬ್ಲೇಡಿನ ವೇಗ ಕಡಿಮೆಯಿರಬಹುದು, ಅಥವಾ ಬೋಲ್ಟಿನ ತೂತು ಸವೆದು ಅಗಲವಾಗಿ ಸಣ್ಣ ಪೆಟ್ಟಿಗೂ ಬೋಲ್ಟ್ ಕತ್ತರಿಸಿಹೋಗುತ್ತಿರಬಹುದು. ಹೊಸಬರಲ್ಲಿ ನಾನು ಅತಿ ಹೆಚ್ಚು ಕಾಣುವುದು ಮೂರನೆಯ ಕಾರಣವನ್ನು. ಪೊದೆ ದಟ್ಟವಾದ ಕೂಡಲೇ ಚಾಲಕರು ಹೆದರಿ ಥ್ರಾಟಲ್ ತಗ್ಗಿಸುತ್ತಾರೆ. ಅದು ತಿರುವುಮುರುವಾದ ಕ್ರಮ. ಇದು ಗರಗಸದಂತೆ ನಿಧಾನವಾಗಿ ಕೊಯ್ಯುವ ಯಂತ್ರವಲ್ಲ. ವೇಗದ ಪೆಟ್ಟಿನಿಂದ ಕಡಿಯುವ ಯಂತ್ರ.

ಇದನ್ನು ಲೆಕ್ಕದಲ್ಲಿ ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತದೆ. ಪಿಟಿಒ 540 ಆರ್‌ಪಿಎಂನಲ್ಲಿ ತಿರುಗುವಾಗ, ಐದು ಅಡಿಯ ಸ್ಲ್ಯಾಷರುಗಳಲ್ಲಿ ಸಾಮಾನ್ಯವಾಗಿರುವ ಸುಮಾರು 1:1.9 ಅನುಪಾತದ ಗೇರ್‌ಬಾಕ್ಸ್ ಬ್ಲೇಡನ್ನು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿಸುತ್ತದೆ, ಆಗ ಬ್ಲೇಡಿನ ತುದಿ ಸೆಕೆಂಡಿಗೆ ಸುಮಾರು 80 ಮೀಟರ್ ವೇಗದಲ್ಲಿರುತ್ತದೆ. ಥ್ರಾಟಲ್ ತಗ್ಗಿಸಿ ಪಿಟಿಒವನ್ನು 400ಕ್ಕೆ ಇಳಿಸಿದರೆ ತುದಿಯ ವೇಗ 60 ಮೀಟರಿಗೆ ಬರುತ್ತದೆ. ಪೆಟ್ಟಿನ ಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ, ವೇಗದಲ್ಲಿ ಕಾಲುಭಾಗ ಕಳೆದುಕೊಂಡಾಗ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧವೇ ಹೋಗುತ್ತದೆ. ಆಗ ಬ್ಲೇಡ್ ಕಾಂಡವನ್ನು ಕಡಿದು ಮುಂದೆ ಸಾಗುವ ಬದಲು ಅದರಲ್ಲಿ ಸಿಕ್ಕಿ ತಡೆಯುತ್ತದೆ, ಬೋಲ್ಟ್ ಮುರಿಯುತ್ತದೆ. ಆದ್ದರಿಂದ ದಟ್ಟ ಪೊದೆ ಎದುರಾದಾಗ ಎಂಜಿನ್ ವೇಗವನ್ನು ಪಿಟಿಒ 540ರ ಗುರುತಿನಲ್ಲೇ ಉಳಿಸಿಕೊಂಡು, ಗೇರನ್ನು ಮಾತ್ರ ತಗ್ಗಿಸಿ, ಟ್ರ್ಯಾಕ್ಟರನ್ನು ಗಂಟೆಗೆ ಎರಡು ಕಿಲೋಮೀಟರಿನ ನಡಿಗೆಯಲ್ಲಿ ಸಾಗಿಸಿ. ಆ ಗುರುತು ಎಲ್ಲಿದೆ ಎಂಬುದನ್ನು ಹೆಚ್ಚಿನ ಟ್ರ್ಯಾಕ್ಟರುಗಳ ಆರ್‌ಪಿಎಂ ಮೀಟರಿನಲ್ಲೇ ತೋರಿಸಿರುತ್ತಾರೆ. ಎಂಜಿನ್ ಉಸಿರುಗಟ್ಟಿದಂತೆ ಸದ್ದು ಮಾಡಿದರೆ ಕ್ಲಚ್ ಒತ್ತಿ ಮುಂದಿನ ಚಲನೆಯನ್ನು ನಿಲ್ಲಿಸಿ, ಬ್ಲೇಡು ಪೂರ್ಣ ವೇಗಕ್ಕೆ ಬಂದ ಮೇಲೆ ಮುಂದುವರಿಯಿರಿ. ಹಾಗೆ ಮಾಡಲು ಸಾಧ್ಯವೇ ಎಂಬುದು ನಿಮ್ಮ ಟ್ರ್ಯಾಕ್ಟರಿನ ಪಿಟಿಒ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ.

ಕ್ಲಚ್ ಪೆಡಲನ್ನು ಒತ್ತಿದಾಗ ಚಕ್ರಗಳ ಜೊತೆಗೆ ಪಿಟಿಒ ಕೂಡ ನಿಲ್ಲುವ ಹಳೆಯ ಬಗೆಯ ಟ್ರ್ಯಾಕ್ಟರುಗಳಲ್ಲಿ ಒಂದು ಅಪಾಯವಿದೆ. ಎಂಜಿನಿನಿಂದ ಬಿಡುಗಡೆಯಾದ ಮೇಲೂ ತಿರುಗುತ್ತಿರುವ ಭಾರವಾದ ಬ್ಲೇಡುಗಳು ಶಾಫ್ಟಿನ ಮೂಲಕ ಗೇರ್‌ಗಳನ್ನು ಹಿಂದುಮುಂದಾಗಿ ನೂಕಿ, ಕ್ಲಚ್ ಒತ್ತಿದ್ದರೂ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತವೆ. ಬೇಲಿಯ ಅಥವಾ ಹಳ್ಳದ ಅಂಚಿನಲ್ಲಿ ನಿಲ್ಲಿಸಲೆಂದು ಕ್ಲಚ್ ಒತ್ತಿದವರು ನಿಲ್ಲದೆ ಮುಂದೆ ಹೋಗಿರುವ ಪ್ರಕರಣಗಳು ಈ ಕಾರಣದಿಂದಲೇ ಆಗುವುದು. ಒಂದೇ ದಿಕ್ಕಿನಲ್ಲಿ ಬಲ ದಾಟಿಸುವ ಓವರ್‌ರನ್ನಿಂಗ್ ಕ್ಲಚ್ ಎಂಬ ಪುಟ್ಟ ಜೋಡಣೆಯನ್ನು ಪಿಟಿಒ ತುದಿಗೆ ಹಾಕಿದರೆ ಈ ಅಪಾಯ ತಪ್ಪುತ್ತದೆ. ನಿಮ್ಮ ಟ್ರ್ಯಾಕ್ಟರಿನ ಪಿಟಿಒಗೆ ಪ್ರತ್ಯೇಕ ಕ್ಲಚ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ಬೇರೆ ಯಾವ ಖರ್ಚಿಗಿಂತ ಮೊದಲು ಇದನ್ನು ಮಾಡಿ.

ಈಗ ನಡುಕದ ವಿಷಯ. ರೋಟರಿ ಸ್ಲ್ಯಾಷರಿನ ಬ್ಲೇಡುಗಳು ಬಾಣಲೆಯಾಕಾರದ ಒಂದು ತಟ್ಟೆಗೆ ದಪ್ಪ ಬೋಲ್ಟುಗಳಿಂದ ಜೋತುಬಿದ್ದಿರುತ್ತವೆ. ತಿರುಗುವ ರಭಸಕ್ಕೆ ಹೊರಚಾಚಿ ನಿಲ್ಲುತ್ತವೆ, ಗಟ್ಟಿ ವಸ್ತು ತಗಲಿದಾಗ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಒಂದು ಬ್ಲೇಡ್ ಬಾಗಿದ್ದರೆ, ಅದರ ತುಂಡು ಹಾರಿಹೋಗಿದ್ದರೆ, ಅಥವಾ ಜೋಡಣೆಯಲ್ಲಿ ಸಿಕ್ಕಿಕೊಂಡು ಮಡಚಿದಂತೆಯೇ ನಿಂತಿದ್ದರೆ ಎರಡು ಬದಿಯ ತೂಕ ಸಮನಾಗಿರುವುದಿಲ್ಲ. ನಿಮಿಷಕ್ಕೆ ಸಾವಿರ ಸುತ್ತಿನಲ್ಲಿ ತೂಕದ ಸಣ್ಣ ವ್ಯತ್ಯಾಸ ಕೂಡ ಬೇರಿಂಗನ್ನು ಬಡಿಯುತ್ತದೆ, ಬೇರಿಂಗ್ ಸಡಿಲವಾದರೆ ಎಣ್ಣೆ ಹೊರಬರದಂತೆ ತಡೆಯುವ ಕೆಳಗಿನ ಆಯಿಲ್ ಸೀಲ್ ಬಾಳುವುದಿಲ್ಲ. ನಿಮ್ಮಲ್ಲಿ ನಡುಕ ಮತ್ತು ಸೋರಿಕೆ ಜೊತೆಯಾಗಿ ಬಂದಿರುವುದಕ್ಕೆ ಇದು ಒಂದು ಸಾಧ್ಯ ಕಾರಣ. ಇನ್ನೊಂದು ಸಾಧ್ಯತೆ ತಂತಿ. ಏಳು ವರ್ಷ ಕೈಬಿಟ್ಟ ಜಮೀನಿನಲ್ಲಿ ಹಳೆಯ ಬೇಲಿಯ ತಂತಿಯೋ ಪ್ಲಾಸ್ಟಿಕ್ ಹಗ್ಗವೋ ಹುಲ್ಲಿನಡಿ ಇದ್ದೇ ಇರುತ್ತದೆ. ಅದು ಬ್ಲೇಡಿನ ತಟ್ಟೆಯ ಮೇಲ್ಭಾಗದಲ್ಲಿ ಶಾಫ್ಟಿಗೆ ಸುತ್ತಿಕೊಂಡು ಒಳಕ್ಕೆ ಸರಿಯುತ್ತಾ ಸೀಲಿನ ತುಟಿಯನ್ನು ಕೊಯ್ದುಹಾಕುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಕೆಳಗೆ ಬಗ್ಗಿ ಟಾರ್ಚ್ ಹಾಕಿ ನೋಡಿದರೆ ಮಾತ್ರ ತಿಳಿಯುತ್ತದೆ.

ಹಾಗೆ ನೋಡುವ ಮೊದಲು ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಪಿಟಿಒ ಶಾಫ್ಟನ್ನು ಟ್ರ್ಯಾಕ್ಟರಿನಿಂದ ಕಳಚಿ, ಸ್ಲ್ಯಾಷರಿನ ಅಡಿಗೆ ಗಟ್ಟಿಯಾದ ಮರದ ದಿಮ್ಮಿಗಳನ್ನು ಕೊಡಿ. ಹೈಡ್ರಾಲಿಕ್ ಲಿಫ್ಟ್ ಎತ್ತಿ ಹಿಡಿದಿದೆ ಎಂಬ ನಂಬಿಕೆಯ ಮೇಲೆ ಯಾರೂ ಅದರ ಅಡಿಗೆ ಕೈ ಹಾಕಬಾರದು. ನಂತರ ಬ್ಲೇಡುಗಳನ್ನು ಕೈಯಿಂದ ಸರಿಸಿ ನೋಡಿ. ಎರಡೂ ಸರಾಗವಾಗಿ ಓಲಾಡಬೇಕು. ಬ್ಲೇಡಿನ ಬೋಲ್ಟ್ ಸವೆದು ಸೊಂಟ ಸಣ್ಣದಾಗಿದ್ದರೆ ಅದನ್ನು ಬದಲಿಸಿ, ನಟ್ಟನ್ನು ಕೈಪಿಡಿ ಹೇಳಿದ ಬಿಗಿತಕ್ಕೆ ಬಿಗಿಯಿರಿ. ಬಾಗಿದ ಅಥವಾ ಬಿರುಕುಬಿಟ್ಟ ಬ್ಲೇಡನ್ನು ಕಾಯಿಸಿ ನೆಟ್ಟಗೆ ಮಾಡುವುದಾಗಲೀ ವೆಲ್ಡ್ ಮಾಡುವುದಾಗಲೀ ಬೇಡ, ಏಕೆಂದರೆ ಕಾವು ತಗಲಿದ ಜಾಗದಲ್ಲಿ ಉಕ್ಕಿನ ಹದ ಕೆಟ್ಟು ಅದೇ ಜಾಗದಲ್ಲಿ ಅದು ಮುರಿದು ಹಾರುತ್ತದೆ. ಬದಲಿಸುವಾಗ ಎರಡನ್ನೂ ಜೊತೆಯಾಗಿಯೇ ಬದಲಿಸಬೇಕು.

ಎಣ್ಣೆಯ ಬಗ್ಗೆ ಎರಡು ಮಾತು. ಗೇರ್‌ಬಾಕ್ಸಿನ ಮೇಲೆ ಗಾಳಿಯಾಡಲು ಬ್ರೀದರ್ ಎಂಬ ಸಣ್ಣ ರಂಧ್ರವುಳ್ಳ ಮುಚ್ಚಳ ಇರುತ್ತದೆ. ಅದು ಧೂಳಿನಿಂದ ಕಟ್ಟಿಕೊಂಡರೆ ಒಳಗಿನ ಕಾದ ಗಾಳಿಯ ಒತ್ತಡ ಎಣ್ಣೆಯನ್ನು ಸೀಲಿನ ಮೂಲಕ ಹೊರತಳ್ಳುತ್ತದೆ, ಹಾಗಾಗಿ ಸೀಲ್ ಬದಲಿಸುವ ಮೊದಲು ಬ್ರೀದರ್ ಸ್ವಚ್ಛವಿದೆಯೇ ನೋಡಿ. ಮಟ್ಟದ ಗುರುತಿಗಿಂತ ಹೆಚ್ಚು ಎಣ್ಣೆ ತುಂಬುವುದರಿಂದಲೂ ಇದೇ ತೊಂದರೆ ಬರುತ್ತದೆ. ಸೋರುವ ಗೇರ್‌ಬಾಕ್ಸಿಗೆ ಎಣ್ಣೆಯ ಬದಲು ಸಾಮಾನ್ಯ ಗ್ರೀಸ್ ತುಂಬುವ ರೂಢಿ ಕೆಲವರಲ್ಲಿದೆ. ಗ್ರೀಸ್ ಗೇರಿನ ಹಲ್ಲುಗಳಿಂದ ಒಮ್ಮೆ ಪಕ್ಕಕ್ಕೆ ಸರಿದರೆ ಮರಳಿ ಹರಿದು ಬರುವುದಿಲ್ಲ. ಹಲ್ಲುಗಳು ಒಣಗಿಯೇ ತಿರುಗಿ ಸುಟ್ಟುಹೋಗುತ್ತವೆ. ಸೀಲಿನ ಬೆಲೆ ಗೇರ್‌ಬಾಕ್ಸಿನ ಬೆಲೆಯ ಮುಂದೆ ಏನೇನೂ ಅಲ್ಲ.

ಬ್ಲೇಡನ್ನು ಕತ್ತಿಯಂತೆ ಮಸೆಯಬೇಕೆಂಬುದು ಅರ್ಧ ಸತ್ಯ. ಹುಲ್ಲನ್ನಷ್ಟೇ ನಯವಾಗಿ ಕತ್ತರಿಸುವ ಲಾನ್ ಮೋವರಿಗೆ ಆ ಮಾತು ಸರಿ. ಪೊದೆ ಕಡಿಯುವ ಬ್ಲೇಡಿಗೆ ತೀರ ತೆಳುವಾದ ಅಂಚು ಕೊಟ್ಟರೆ ಮೊದಲ ಕಲ್ಲಿಗೇ ಅದು ಮಡಚಿಕೊಳ್ಳುತ್ತದೆ ಅಥವಾ ಚೂರಾಗುತ್ತದೆ. ಅಂಚಿನಲ್ಲಿ ಒಂದೂವರೆ ಮಿಲಿಮೀಟರಿನಷ್ಟು ದಪ್ಪ ಉಳಿಸಿ, ಮೂಲ ಇಳಿಜಾರನ್ನೇ ಅನುಸರಿಸಿ ಮಸೆಯಿರಿ. ಎರಡೂ ಬ್ಲೇಡುಗಳಿಂದ ಸಮನಾಗಿ ಲೋಹ ತೆಗೆದು, ಕೊನೆಗೆ ತಕ್ಕಡಿಯಲ್ಲಿಟ್ಟು ತೂಗಿ. ಮಸೆಯುವುದಕ್ಕಿಂತ ತೂಗುವುದೇ ಹೆಚ್ಚು ಮುಖ್ಯ ಎಂದರೂ ತಪ್ಪಲ್ಲ.

ಇನ್ನು ಯಾವ ಯಂತ್ರ ಎಂಬ ಪ್ರಶ್ನೆ. ರೋಟಾವೇಟರ್ ಈ ಕೆಲಸದ್ದಲ್ಲ. ಅದು ಮಣ್ಣು ಸಡಿಲಿಸುವ ಉಪಕರಣ. ಎದೆಮಟ್ಟದ ಹುಲ್ಲು ಮತ್ತು ಬಳ್ಳಿಗಳು ಅದರ ರೋಟರಿಗೆ ಸುತ್ತಿಕೊಳ್ಳುತ್ತವೆ, ಬೇರುಗಳು ಬ್ಲೇಡುಗಳನ್ನು ಬಾಗಿಸುತ್ತವೆ, ಬೇರುಗಡ್ಡೆಯಿಂದ ಹರಡುವ ಕಳೆಗಳಿದ್ದರೆ ಅವುಗಳನ್ನು ತುಂಡು ಮಾಡಿ ಹೊಲದ ತುಂಬ ನಾಟಿ ಮಾಡಿದಂತೆಯೇ ಆಗುತ್ತದೆ. ಮೇಲಿನ ಹಸಿರೆಲ್ಲ ಕೊಚ್ಚಿ, ಮೋಟುಗಳನ್ನು ತೆಗೆದ ಮೇಲಷ್ಟೇ ಅದರ ಸರದಿ. ಕತ್ತರಿಯಂತೆ ಅಡ್ಡಕ್ಕೆ ಓಡಾಡುವ ಅಲಗಿನ ಸಿಕಲ್ ಬಾರ್ ಮೋವರ್ ಕಡಿಮೆ ಶಕ್ತಿಯಲ್ಲಿ ಎತ್ತರದ ಹುಲ್ಲನ್ನು ಚೆನ್ನಾಗಿ ಕೊಯ್ಯುತ್ತದೆ, ಮೇವಿಗೆ ಉದ್ದವಾಗಿ ಮಲಗಿಸಿಯೂ ಕೊಡುತ್ತದೆ; ಆದರೆ ಕಲ್ಲು, ತಂತಿ, ಗಟ್ಟಿ ಕಾಂಡ ಇರುವ ನಿಮ್ಮ ಜಮೀನಿನಲ್ಲಿ ಅದರ ಅಲಗುಗಳು ಬಾಳುವುದಿಲ್ಲ.

ಉಳಿಯುವುದು ರೋಟರಿ ಸ್ಲ್ಯಾಷರ್ ಮತ್ತು ಫ್ಲೇಲ್ ಮೋವರ್. ಫ್ಲೇಲ್ ಮೋವರಿನಲ್ಲಿ ಅಡ್ಡಲಾಗಿ ತಿರುಗುವ ಉರುಳೆಗೆ ಹತ್ತಾರು ಸಣ್ಣ ಬ್ಲೇಡುಗಳು ಜೋತುಬಿದ್ದಿರುತ್ತವೆ. ಅದು ಕೊಚ್ಚಿದ್ದನ್ನು ನುಣ್ಣಗೆ ಪುಡಿಮಾಡಿ ಸಮವಾಗಿ ಹಾಸುತ್ತದೆ, ಕಲ್ಲು ಸಿಡಿಸುವುದು ಗಮನಾರ್ಹವಾಗಿ ಕಡಿಮೆ, ಟ್ರ್ಯಾಕ್ಟರಿಗೆ ಹತ್ತಿರ ಕುಳಿತುಕೊಳ್ಳುವುದರಿಂದ ತಿರುಗಿಸುವುದೂ ಸುಲಭ. ಮನೆ, ರಸ್ತೆ, ಜನರ ಓಡಾಟ ಹತ್ತಿರವಿರುವ ಕಡೆ ನಾನು ಎರಡನೆಯ ಯೋಚನೆ ಇಲ್ಲದೆ ಅದನ್ನೇ ಹೇಳುತ್ತೇನೆ. ಆದರೆ ಅದೇ ಅಗಲಕ್ಕೆ ಅದು ಹೆಚ್ಚು ಶಕ್ತಿ ಬೇಡುತ್ತದೆ, ನಿಧಾನವಾಗಿ ಸಾಗುತ್ತದೆ, ಬೆಲ್ಟ್ ಮತ್ತು ಬೇರಿಂಗುಗಳ ನಿಗಾ ಹೆಚ್ಚು. ಒಂದು ಬ್ಲೇಡ್ ಕಳೆದುಹೋದರೂ ಉರುಳೆಯ ಸಮತೋಲ ತಪ್ಪುತ್ತದೆ, ಆಗ ಎದುರು ಬದಿಯದನ್ನೂ ಸೇರಿಸಿ ಬದಲಿಸಬೇಕು. ಹಳೆಯ ಬೇಲಿಯ ತಂತಿಯೊಂದು ಅದರ ಉರುಳೆಗೆ ಸುತ್ತಿಕೊಂಡರೆ ಬಿಡಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ.

ಏನಿದೆ ಏನಿಲ್ಲ ಎಂದು ಗೊತ್ತಿಲ್ಲದ ಜಮೀನಿನ ಮೊದಲ ಕೊಚ್ಚುವಿಕೆಗೆ ನನ್ನ ಆಯ್ಕೆ ರೋಟರಿ ಸ್ಲ್ಯಾಷರೇ. ಅದರ ರಚನೆ ಸರಳ, ಪೆಟ್ಟು ತಾಳುವ ಗುಣ ಹೆಚ್ಚು. ಆದರೆ ಆರಿಸುವಾಗ ಅಗಲವನ್ನಲ್ಲ, ಅದು ಎಷ್ಟು ದಪ್ಪದ ಕಾಂಡಕ್ಕೆ ನಿರ್ಮಿತವಾಗಿದೆ ಎಂಬುದನ್ನು ಮೊದಲು ಕೇಳಿ. ಹಗುರ ದರ್ಜೆಯವು ಒಂದು ಅಂಗುಲದವರೆಗೆ, ಮಧ್ಯಮ ದರ್ಜೆಯವು ಸುಮಾರು ಎರಡು ಅಂಗುಲದವರೆಗೆ, ಭಾರಿ ದರ್ಜೆಯವು ಮೂರು ಅಂಗುಲ ಅಥವಾ ಅದಕ್ಕೂ ಮೀರಿದ ಕಾಂಡಕ್ಕೆ ಎಂದು ಹೆಚ್ಚುಕಡಿಮೆ ವಿಂಗಡಿಸಬಹುದು. ಹೆಬ್ಬೆರಳು ಗಾತ್ರದ ಪೊದೆಗಳಿಗೆ ನಿಮಗೆ ಮಧ್ಯಮ ದರ್ಜೆಯದು ಬೇಕು. ಮುಂಗೈ ದಪ್ಪದ ಮರಿಮರಗಳನ್ನು ಈ ಲೆಕ್ಕದಿಂದ ಹೊರಗಿಟ್ಟು, ಚೈನ್ ಗರಗಸದಿಂದ ನೆಲಮಟ್ಟಕ್ಕೆ ಕತ್ತರಿಸಿ ಸಾಗಿಸಿ. ಕೆಲವೇ ಮರಗಳಿಗಾಗಿ ಭಾರಿ ಯಂತ್ರ ಕೊಳ್ಳುವುದು ಬೇಡ.

ನಿಮ್ಮ ಎಂಜಿನ್ 45 ಎಚ್‌ಪಿ ಇದ್ದರೂ ಪಿಟಿಒದಲ್ಲಿ ಸಿಗುವುದು ಸುಮಾರು 38ರಿಂದ 40 ಎಚ್‌ಪಿ. ಹುಲ್ಲಿಗೆ ಪ್ರತಿ ಅಡಿ ಅಗಲಕ್ಕೆ 5 ಎಚ್‌ಪಿ ಸಾಕಾದರೂ ದಟ್ಟ ಪೊದೆಗೆ 7 ಅಥವಾ 8 ಇಟ್ಟುಕೊಳ್ಳುವುದು ನನ್ನ ರೂಢಿ. ಆ ಲೆಕ್ಕದಲ್ಲಿ ಐದು ಅಡಿಯೇ ನಿಮ್ಮ ಮಿತಿ. ಐದು ಅಡಿಯ ಯಂತ್ರ ಗಂಟೆಗೆ ಎರಡು ಕಿಲೋಮೀಟರಿನಂತೆ ಸಾಗಿದರೆ, ತಿರುವುಗಳಿಗೆ ಮತ್ತು ಸಾಲಿನ ಮೇಲೆ ಸಾಲು ಬೀಳುವುದಕ್ಕೆ ಐದರಲ್ಲೊಂದು ಪಾಲು ಕಳೆದು, ಗಂಟೆಗೆ ಸುಮಾರು 0.6 ಎಕರೆ ಮುಗಿಯುತ್ತದೆ. ಹತ್ತು ಎಕರೆಗೆ 17 ಗಂಟೆ. ಆರು ಅಡಿಯದಾದರೆ 14 ಗಂಟೆ. ಮೂರು ಗಂಟೆ ಉಳಿಸಲು ಟ್ರ್ಯಾಕ್ಟರನ್ನು ದಿನವಿಡೀ ಏದುಸಿರು ಬಿಡಿಸುವುದು ನನಗೆ ಸರಿ ಕಾಣುವುದಿಲ್ಲ. ಅಗಲ ಹೆಚ್ಚಿದಂತೆ ಹಿಂದಿನ ತೂಕವೂ ಹೆಚ್ಚಿ ಮುಂದಿನ ಚಕ್ರಗಳು ಹಗುರವಾಗುತ್ತವೆ. ಟ್ರ್ಯಾಕ್ಟರಿನ ತೂಕದ ಐದನೇ ಒಂದು ಭಾಗವಾದರೂ ಮುಂದಿನ ಚಕ್ರಗಳ ಮೇಲೆ ಉಳಿಯದಿದ್ದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ.

ಶಿಯರ್ ಬೋಲ್ಟಿನ ಬದಲು ಸ್ಲಿಪ್ ಕ್ಲಚ್ ಇರುವ ಯಂತ್ರ ಸಿಕ್ಕರೆ ನಿಮ್ಮಂತಹ ಜಮೀನಿಗೆ ಅದು ಹೆಚ್ಚು ಅನುಕೂಲ. ಪೆಟ್ಟು ಬಿದ್ದಾಗ ಅದರ ತಟ್ಟೆಗಳು ಜಾರಿ ಮತ್ತೆ ಹಿಡಿಯುತ್ತವೆ, ಇಳಿದು ಬೋಲ್ಟ್ ಹಾಕುವ ಕೆಲಸವಿಲ್ಲ. ಆದರೆ ಮಳೆಗೆ ನೆನೆದು ತಿಂಗಳುಗಟ್ಟಲೆ ನಿಂತ ಸ್ಲಿಪ್ ಕ್ಲಚ್ ತುಕ್ಕಿನಿಂದ ಅಂಟಿಕೊಂಡು ಜಾರುವ ಗುಣವನ್ನೇ ಕಳೆದುಕೊಂಡಿರುತ್ತದೆ. ಅದು ಗಟ್ಟಿ ಬೋಲ್ಟ್ ಹಾಕಿದ್ದಕ್ಕೆ ಸಮ. ಪ್ರತಿ ಹಂಗಾಮಿನ ಆರಂಭದಲ್ಲಿ ತಟ್ಟೆಗಳ ಅಂಚಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು, ಸ್ಪ್ರಿಂಗುಗಳ ನಟ್ಟನ್ನು ಎಷ್ಟು ಸುತ್ತು ಎಂದು ಎಣಿಸಿ ಸಡಿಲಿಸಿ, ಯಾರೂ ಹತ್ತಿರವಿಲ್ಲದಾಗ ಪಿಟಿಒವನ್ನು ಒಂದೆರಡು ಸೆಕೆಂಡು ಮಾತ್ರ ಹಾಕಿ ತೆಗೆಯಿರಿ. ಗೆರೆಗಳು ಒಂದರಿಂದೊಂದು ಸರಿದಿದ್ದರೆ ಕ್ಲಚ್ ಬಿಡಿಸಿಕೊಂಡಿದೆ ಎಂದರ್ಥ. ಆಮೇಲೆ ನಟ್ಟುಗಳನ್ನು ಎಣಿಸಿದಷ್ಟೇ ಮತ್ತೆ ಬಿಗಿಯಿರಿ.

ಪಿಟಿಒ ಶಾಫ್ಟಿನ ಉದ್ದವನ್ನು ಬಹುತೇಕರು ಅಳೆಯುವುದೇ ಇಲ್ಲ. ಬೇರೆ ಟ್ರ್ಯಾಕ್ಟರಿನ ಜೊತೆ ಬಂದ ಶಾಫ್ಟನ್ನು ನಿಮ್ಮದಕ್ಕೆ ಹಾಕಿದ್ದೀರಿ, ಹಾಗಾಗಿ ಇದನ್ನು ನೋಡಲೇಬೇಕು. ಉದ್ದ ಹೆಚ್ಚಾಗಿದ್ದರೆ ಸ್ಲ್ಯಾಷರನ್ನು ಎತ್ತುವಾಗ ಎರಡು ಕೊಳವೆಗಳು ಒಂದಕ್ಕೊಂದು ಪೂರ್ತಿ ಒತ್ತಿಕೊಂಡು ಗೇರ್‌ಬಾಕ್ಸಿನ ಬೇರಿಂಗನ್ನು ನೂಕುತ್ತವೆ. ಸೀಲ್ ಸೋರಲು ಅದೂ ಕಾರಣವಾಗಬಲ್ಲದು. ಉದ್ದ ಕಡಿಮೆಯಿದ್ದರೆ ತಗ್ಗು ನೆಲದಲ್ಲಿ ಕಳಚಿಕೊಳ್ಳುತ್ತದೆ. ಕೆಲಸದ ಸ್ಥಿತಿಯಲ್ಲಿ ಕೊಳವೆಗಳ ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಇರಬೇಕು, ಪೂರ್ತಿ ಎತ್ತಿದಾಗಲೂ ಕೊಂಚ ಜಾಗ ಉಳಿದಿರಬೇಕು. ಎತ್ತರಕ್ಕೆ ಎತ್ತಿ ತಿರುಗಿಸುವ ಮೊದಲು ಪಿಟಿಒ ನಿಲ್ಲಿಸಿ. ಎಂಟು ಗಂಟೆ ಕೆಲಸಕ್ಕೊಮ್ಮೆ ಕ್ರಾಸುಗಳಿಗೆ ಗ್ರೀಸ್ ಕೊಡಿ, ಪ್ಲಾಸ್ಟಿಕ್ ಕವಚ ಇಲ್ಲದ ಶಾಫ್ಟನ್ನು ಬಳಸಬೇಡಿ. ಅದು ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಬಟ್ಟೆಯ ಚುಂಗು ಸಿಕ್ಕಿದರೆ ಎಳೆದುಕೊಳ್ಳುವಷ್ಟು ಸಮಯವೂ ಮನುಷ್ಯನಿಗೆ ಇರುವುದಿಲ್ಲ.

ಮತ್ತೆ ಕೆಲಸಕ್ಕೆ ಇಳಿಯುವ ಮೊದಲು ಒಂದು ದಿನ ಪೂರ್ತಿ ಜಮೀನನ್ನು ನಡೆದು ನೋಡಿ. ಕೋಲಿನಿಂದ ಹುಲ್ಲು ಸರಿಸುತ್ತಾ ಕಲ್ಲು, ಮೋಟು, ಗುಂಡಿ, ಹಾಳು ಬಾವಿ, ತಂತಿ ಸಿಕ್ಕಲ್ಲೆಲ್ಲ ಬಣ್ಣದ ಬಟ್ಟೆ ಕಟ್ಟಿದ ಎತ್ತರದ ಕೋಲು ನೆಡಿ. ತಂತಿಯನ್ನು ಆಗಲೇ ಸುತ್ತಿ ಹೊರಗೆ ಹಾಕಿ. ಪೊದೆಗಳಲ್ಲಿ ಗೂಡು, ಮರಿಗಳಿದ್ದರೆ ಅಷ್ಟು ಜಾಗವನ್ನು ಕೆಲವು ವಾರ ಬಿಟ್ಟುಬಿಡುವುದರಿಂದ ನಿಮಗೆ ನಷ್ಟವೇನಿಲ್ಲ. ಮೊದಲ ಸುತ್ತನ್ನು 15ರಿಂದ 20 ಸೆಂಟಿಮೀಟರ್ ಎತ್ತರದಲ್ಲಿ ಕೊಚ್ಚಿ, ನೆಲ ಕಾಣಿಸಿದ ಮೇಲೆ ಎರಡನೆಯ ಸುತ್ತಿಗೆ ತಗ್ಗಿಸಿ. ಸ್ಲ್ಯಾಷರಿನ ಮುಂಭಾಗ ಹಿಂಭಾಗಕ್ಕಿಂತ ಒಂದೆರಡು ಸೆಂಟಿಮೀಟರ್ ತಗ್ಗಿರುವಂತೆ ಟಾಪ್ ಲಿಂಕ್ (ಯಂತ್ರವನ್ನು ಟ್ರ್ಯಾಕ್ಟರಿಗೆ ಜೋಡಿಸುವ ಮೇಲಿನ ಸರಳು) ಹೊಂದಿಸಿದರೆ ಕೊಚ್ಚಿದ್ದನ್ನೇ ಮತ್ತೆ ಕೊಚ್ಚದೆ ಶಕ್ತಿ ಉಳಿಯುತ್ತದೆ. ಓರೆಯಾಗಿ ಕತ್ತರಿಸಿದ ಮೋಟುಗಳು ಟೈರಿಗೆ ಈಟಿಯಂತೆ ಚುಚ್ಚುತ್ತವೆ. ಗಟ್ಟಿ ಪೊದೆಯ ಮೇಲೆ ಟೈರ್ ಹತ್ತಿಸದಂತೆ ಸಾಲು ಆರಿಸಿಕೊಳ್ಳಿ.

ಸ್ಲ್ಯಾಷರ್ ಸಿಡಿಸಿದ ಕಲ್ಲು ನೂರು ಮೀಟರ್ ದೂರಕ್ಕೂ ಹೋಗಬಲ್ಲದು. ಮುಂದೆ ಮತ್ತು ಹಿಂದೆ ಸರಪಳಿಯ ಪರದೆ ಇಲ್ಲದ ಯಂತ್ರವನ್ನು ನಾನು ಕೈಯಿಂದ ಮುಟ್ಟುವುದಿಲ್ಲ. ನೀವು ತಂದದ್ದರಲ್ಲಿ ಇಲ್ಲದಿದ್ದರೆ ಹಾಕಿಸಿ, ಇದ್ದರೂ ಜನರನ್ನು, ಮಕ್ಕಳನ್ನು, ದನಕರುಗಳನ್ನು ಅಷ್ಟು ದೂರದಲ್ಲೇ ಇರಿಸಿ. ಪಿಟಿಒ ಆರಿಸಿದ ಮೇಲೂ ಬ್ಲೇಡು ಬಹಳ ಹೊತ್ತು ತಿರುಗುತ್ತದೆ, ಪೂರ್ತಿ ನಿಂತ ಮೇಲೆಯೇ ಇಳಿಯಿರಿ. ಒಣಹುಲ್ಲಿನಲ್ಲಿ ಕೆಲಸ ಮಾಡುವಾಗ ರೇಡಿಯೇಟರಿನ ಜಾಲಿಗೆ ಅಂಟುವ ಹೊಟ್ಟನ್ನು ಗಂಟೆಗೊಮ್ಮೆ ತೆಗೆಯಿರಿ, ಸೈಲೆನ್ಸರಿನ ಸುತ್ತ ಹುಲ್ಲು ಸೇರದಂತೆ ನೋಡಿ, ನೀರು ಮತ್ತು ಬೆಂಕಿ ಆರಿಸುವ ಸಾಧನ ಜೊತೆಗಿರಲಿ.

ಕೊಳ್ಳುವ ನಿರ್ಧಾರದ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಕೊಚ್ಚುವುದರಿಂದ ಪೊದೆ ಸಾಯುವುದಿಲ್ಲ. ಬೇರಿನಲ್ಲಿ ಸಂಗ್ರಹವಿರುವವರೆಗೆ ಅದು ಚಿಗುರುತ್ತದೆ. ಚಿಗುರು ಮೊಣಕಾಲೆತ್ತರ ಬರುವಷ್ಟರಲ್ಲಿ, ಬೀಜ ಕಟ್ಟುವ ಮೊದಲೇ, ಮತ್ತೆ ಮತ್ತೆ ಕೊಚ್ಚಿದರೆ ಆ ಸಂಗ್ರಹ ಬರಿದಾಗುತ್ತದೆ. ಆದ್ದರಿಂದ ನಿಮ್ಮ ಮೊದಲ ಕೊಚ್ಚುವಿಕೆಗೆ ಬೇಕಾದ ಯಂತ್ರ ಬೇರೆ, ನಂತರದ ವರ್ಷಗಳಿಗೆ ಬೇಕಾದ ಯಂತ್ರ ಬೇರೆ. ಈ ಹಳೆಯ ಸ್ಲ್ಯಾಷರಿನ ಸೀಲು, ಬೇರಿಂಗು, ಬ್ಲೇಡುಗಳನ್ನು ಹೊಸದು ಮಾಡಿಸಿ ಮೊದಲ ಕೆಲಸ ಮುಗಿಸಿಕೊಳ್ಳಿ. ಬಿಚ್ಚಿದಾಗ ಗೇರಿನ ಹಲ್ಲುಗಳೇ ಒಡೆದಿದ್ದರೆ ಅಥವಾ ಮೇಲ್ಛಾವಣಿಯ ತಗಡು ಗೇರ್‌ಬಾಕ್ಸಿನ ಬುಡದಲ್ಲಿ ಬಿರುಕುಬಿಟ್ಟಿದ್ದರೆ ಅದಕ್ಕೆ ಹಣ ಹಾಕದೆ, ಮಧ್ಯಮ ದರ್ಜೆಯ ಐದು ಅಡಿಯದನ್ನು ಮೂರ್ನಾಲ್ಕು ದಿನಕ್ಕೆ ಬಾಡಿಗೆಗೆ ತನ್ನಿ. ಕಲ್ಲು, ತಂತಿ, ಮೋಟುಗಳೆಲ್ಲ ಹೊರಹೋಗಿ, ಎರಡು ಬಾರಿ ಕೊಚ್ಚಿ ಆದ ಮೇಲೆ ಆ ನೆಲದಲ್ಲಿ ಉಳಿಯುವುದು ಹುಲ್ಲು ಮತ್ತು ಎಳೆ ಚಿಗುರು. ಆಗ ಸುಮಾರು ಒಂದೂವರೆ ಮೀಟರ್ ಅಗಲದ ಫ್ಲೇಲ್ ಮೋವರ್ ನಿಮ್ಮ ಟ್ರ್ಯಾಕ್ಟರಿಗೂ ಜಮೀನಿಗೂ ಒಪ್ಪುತ್ತದೆ. ಈಗಲೇ ಅದನ್ನು ತಂದು ಬೇಲಿಯ ತಂತಿಯ ಮೇಲೆ ಓಡಿಸಬೇಡಿ.